ನಿಮ್ಮ ತಿಥಿಯ ದಿನ ನಾನು ಹೇಳಿದ ಸುಳ್ಳು

ತೀರ್ಥರೂಪ ತಂದೆಯವರಾದ ಅಣ್ಣನವರಿಗೆ,

ಸಾಷ್ಟಾಂಗ ನಮಸ್ಕಾರ ಎಂದು ಬರೆಯುವುದು ರೂಢಿ. ಮೊಣಕಾಲು ಮಡಚಲು ಬಾರದವನು ಸಾಷ್ಟಾಂಗ ಹೇಗೆ ಹಾಕಿಯಾನು? ಮಂಚದ ಮೇಲೆ ಕೂತಲ್ಲಿಂದಲೇ ಕೈ ಮುಗಿದಿದ್ದೇನೆ, ಒಪ್ಪಿಸಿಕೊಳ್ಳಿ. ನೀವು ಹೋಗಿ ಎಂಟು ವರ್ಷವಾಯಿತು. ನೀವಿದ್ದಾಗ ಚಿಂಚೋಳಿಯ ಶಾಲೆಯಿಂದ ನಾನು ಬರೆಯುತ್ತಿದ್ದ ಕಾರ್ಡುಗಳಲ್ಲಿ 'ಇತ್ತ ಎಲ್ಲರೂ ಕ್ಷೇಮ' ಎನ್ನುವುದರ ಹೊರತು ಬೇರೇನೂ ಇರುತ್ತಿರಲಿಲ್ಲ. ಇವತ್ತು ಹಾಗೆ ಬರೆಯಲಾರೆ. ಈ ವರ್ಷದ ನಿಮ್ಮ ತಿಥಿ ನನ್ನಿಂದ ಕೆಟ್ಟಿತು. ಕೆಟ್ಟ ಮೇಲೆ ಒಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಿಮ್ಮ ಸೊಸೆ ಪದ್ಮಾಳ ತಲೆಗೆ ಕಟ್ಟಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ಚೈತ್ರದಲ್ಲಿ ಹೈದರಾಬಾದಿಗೆ ಹೋದದ್ದು ನೆನಪಾದರೆ ಈಗ ನಗು ಬರುತ್ತದೆ. ಮದುವೆಗೆ ಹೊರಟವನ ಹಾಗೆ ಹೊಸ ಶರ್ಟು ಹಾಕಿಕೊಂಡು, ಚಿತ್ತಾಪುರ ಸ್ಟೇಷನ್ನಿನಲ್ಲಿ ಕಂಡಕಂಡವರಿಗೆಲ್ಲ 'ಎಡಗಾಲ ಮೊಣಕಾಲು ಹೊಸಾದು ಹಾಕಿಸ್ಕೊಂಡು ಬರ್ತೀನಿ' ಎಂದು ಸಾರಿಕೊಂಡು ಹೋದೆ. ಸವೆದ ಕೀಲು ತೆಗೆದು ಲೋಹದ ಕೀಲು ಕೂಡಿಸಿದರು. ಅಲ್ಲಿಯ ಡಾಕ್ಟರು ಹೇಳಿದ್ದು ಎರಡೇ ಮಾತು. ದಿನಾ ತಪ್ಪದೆ ವ್ಯಾಯಾಮ ಮಾಡಬೇಕು, ಇನ್ನು ಮುಂದೆ ನೆಲದ ಮೇಲೆ ಕೂಡಬಾರದು. ನಾನು ಎರಡನ್ನೂ ಮೀರಲು ಹೊರಟೆ. ಮೊದಲನೆಯದನ್ನು ಹೆದರಿಕೆಗೆ, ಎರಡನೆಯದನ್ನು ಸೊಕ್ಕಿಗೆ.

ವ್ಯಾಯಾಮ ಮಾಡಿಸಲು ವಾಡಿಯಿಂದ ಪ್ಯಾಸೆಂಜರ್ ಗಾಡಿಗೆ ಶಬಾನಾ ಎಂಬ ಹುಡುಗಿ ವಾರಕ್ಕೆ ಮೂರು ದಿನ ಬರುತ್ತಾಳೆ. ಕಾಲಿನ ಪಕ್ಕಕ್ಕೆ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು 'ಐವತ್ತೈದು ಸರ್' ಎನ್ನುತ್ತಾಳೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು ನಾನು, ನನ್ನ ಕಾಲಿಗೇ ಒಂದು ಲಂಬಕೋನ ಬರಲೊಲ್ಲದು. ಅವಳು ಇಲ್ಲದ ದಿನ ನಾನೇ ಮಾಡಿಕೊಂಡು, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಟಿಕ್ ಹಾಕಬೇಕಿತ್ತು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಚುವುದು, ಹತ್ತು ಸಲ, ದಿನಕ್ಕೆ ಮೂರು ಸರ್ತಿ. ಹೊಲಿಗೆ ಹಾಕಿದ ಜಾಗ ಬಿರಿದೇ ಹೋಯಿತೇನೋ ಎನ್ನುವಷ್ಟು ನೋವು. ನಾಲ್ಕನೆಯ ಸಲಕ್ಕೆ ಬಾಯಲ್ಲಿ ಟವೆಲು ಕಚ್ಚುತ್ತಿದ್ದೆ, ಐದನೆಯದಕ್ಕೆ ಬಿಟ್ಟುಬಿಡುತ್ತಿದ್ದೆ. ಟಿಕ್ ಮಾತ್ರ ಹತ್ತಕ್ಕೆ ಹತ್ತು. ಹೋಂವರ್ಕ್ ಕದ್ದು ಬರೆದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿದವನು ನಾನೇ ಅಲ್ಲವೇ? ಒಂದು ದಿನ ಶಬಾನಾ ಹಾಳೆ ನೋಡಿದಳು, ಕಾಲು ನೋಡಿದಳು.

'ಸರ್, ಟಿಕ್ ಎಲ್ಲಾ ಬರಾಬರ್ ಅವ. ಆದ್ರ ಕಾಲ ಸುಳ್ಳ ಹೇಳಂಗಿಲ್ಲ ನೋಡ್ರಿ.'

ಮಗಳ ವಯಸ್ಸಿನ ಹುಡುಗಿ. ಸಿಟ್ಟು ನೆತ್ತಿಗೇರಿತು. 'ನೀ ನನಗ ಪಾಠ ಹೇಳ್ಲಿಕತ್ತೀಯೇನು?' ಎಂದು ಕೂಗಾಡಿದೆ. ಮುಂದೆ ಎರಡು ವಾರ, ಅವಳು ಬಾಗಿಲಿಗೆ ಬಂದಾಗಲೆಲ್ಲ 'ನನಗ ನಿದ್ದಿ ಹತ್ಯಾದ ಅಂತ ಹೇಳಿ ಕಳಸು' ಎಂದು ಪದ್ಮಾಳಿಗೆ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಪದ್ಮಾ ಹೋಗಿ ಹಾಗೆಯೇ ಹೇಳುತ್ತಿದ್ದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೊರಗಿನಿಂದ ಅವಳ ತೊದಲು ನನಗೆ ಕೇಳಿಸುತ್ತಿತ್ತು.

ಆಷಾಢ ಬಂತು, ನಿಮ್ಮ ತಿಥಿ ಹತ್ತಿರ ಬಂತು. ಕೊಡ್ಲಿಯ ಆಚಾರ್ರು ಮನೆಗೆ ಬಂದರು. ನಮ್ಮ ಮನೆಯ ಶ್ರಾದ್ಧಗಳಿಗೆಲ್ಲ ಅವರೇ ಪುರೋಹಿತರು, ನಿಮಗೆ ಗೊತ್ತಲ್ಲ. ನನ್ನ ಕಾಲು ನೋಡಿ ಅವರು ಒಂದೇ ಮಾತಿನಲ್ಲಿ ಮುಗಿಸಿದರು.

'ರಾಯರ, ಕುರ್ಚಿ ಮ್ಯಾಲ ಕೂತು ಮಾಡ್ರಿ. ಅಶಕ್ತರಿಗೆ ನಡೀತದ. ಅದಕ್ಕ್ಯಾಕ ಇಷ್ಟ ವಿಚಾರ ಮಾಡ್ಲಿಕತ್ತೀರಿ?'

'ಏನರ ಆಗ್ಲಿ ಆಚಾರ್ರ, ನಾ ನೆಲಕ್ಕೇ ಕೂಡ್ತೀನಿ' ಎಂದೆ. ಪದ್ಮಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನನ್ನ ಭಕ್ತಿ ದೊಡ್ಡದೆಂದು ಆಚಾರ್ರು ತಿಳಿದಿರಬೇಕು. ಭಕ್ತಿಯಲ್ಲ ಅಣ್ಣಾ. ಕುರ್ಚಿ ಎಂದ ಕೂಡಲೇ ನನಗೆ ಸೇಡಂ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು.

ಅವತ್ತು ಅಜ್ಜನ ಶ್ರಾದ್ಧ. ನಾನು ಆಗಷ್ಟೇ ಹೆಡ್‌ಮಾಸ್ತರನಾಗಿದ್ದೆ, ಚಿಂಚೋಳಿಯಿಂದ ಬೆಳಗಿನ ಬಸ್ಸಿಗೆ ಇಳಿದು ಬಂದವನು. ನಲವತ್ತು ವರ್ಷ ಗುಡಿಯ ಕಲ್ಲಿನ ಮೇಲೆ ಕೂತು ಪೂಜೆ ಮಾಡಿ ನಿಮ್ಮ ಎರಡೂ ಮೊಣಕಾಲು ಬಾತಿದ್ದವು. ಒಂದು ಕಟ್ಟಿಗೆಯ ಸ್ಟೂಲು ತೊಳೆಸಿ ಇಟ್ಟುಕೊಂಡು ಅದರ ಮೇಲೆ ಕೂತಿದ್ದಿರಿ. ನಾನು ಒಳಗೆ ಬಂದವನೇ ಎಲ್ಲರ ಮುಂದೆ ಏನೆಂದೆ?

'ಅಣ್ಣಾ, ಪಿಂಡ ಇಡ್ಲಿಕ್ಕ ಕೂತಂಗಿಲ್ಲ, ಕಟಿಂಗ್ ಮಾಡಿಸ್ಕೊಳ್ಳಿಕ್ಕ ಕೂತಂಗ ಕಾಣ್ಲಿಕತ್ತೀರಿ.'

ಎಲ್ಲರೂ ನಕ್ಕರು. ಆಚಾರ್ರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ಸ್ಟೂಲನ್ನು ನೀವೇ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು, ನಿಧಾನವಾಗಿ ನೆಲಕ್ಕೆ ಇಳಿದಿರಿ. ಎಡ ಮೊಣಕಾಲನ್ನು ನೆಲಕ್ಕೆ ಊರಿ ಪಿಂಡ ಇಡುವಾಗ ನಿಮ್ಮ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ನೋಡಿದೆ. ನೋಡಿದ್ದೆ, ಆದರೂ... ಎಲ್ಲ ಮುಗಿದ ಮೇಲೆ ನಿಮಗೆ ಏಳಲಾಗಲಿಲ್ಲ. ನನ್ನ ತಮ್ಮ ಗೋಪಿ ಮತ್ತು ಅಡುಗೆಯವರು ಆಚೆಗೊಬ್ಬರು ಈಚೆಗೊಬ್ಬರು ನಿಂತು ಎತ್ತಿದರು. ಅದಾದ ಮೇಲೆ ನೀವು ಯಾವ ಶ್ರಾದ್ಧಕ್ಕೂ ಸ್ಟೂಲು ಕೇಳಲಿಲ್ಲ, ನನ್ನೆದುರು ಮೊಣಕಾಲಿನ ಸುದ್ದಿಯನ್ನೂ ಎತ್ತಲಿಲ್ಲ. ಈಗ ಹೇಳಿ, ನಾನು ಯಾವ ಮುಖ ಹೊತ್ತು ಕುರ್ಚಿಯ ಮೇಲೆ ಕೂಡಲಿ? ಕೂತರೆ ಅವತ್ತು ನಾನಾಡಿದ್ದು ತಪ್ಪು ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ ವಿಷಯ.

ನಿಮ್ಮ ತಿಥಿಯ ದಿನ ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟೆ. ವಾಕರ್ ಹಿಡಿಯದೆ ನನಗೆ ಹೆಜ್ಜೆ ಇಡಲಾಗದು. ಅದೋ ಆಸ್ಪತ್ರೆಯಿಂದ ಬಂದದ್ದು, ಹತ್ತು ಜನ ಮುಟ್ಟಿದ್ದು, ಅದನ್ನು ಹಿಡಿದರೆ ಮಡಿ ಉಳಿಯುತ್ತದೆಯೇ? ಹಿಂದಿನ ದಿನವೇ ಪದ್ಮಾ ಹೇಳಿದ್ದಳು, 'ಒದ್ದಿ ಅರಿವಿಲೆ ಒರಸಿದ್ರ ಸಾಕ್ರಿ. ನೀರು ಹಾಕಬ್ಯಾಡ್ರಿ, ರಬ್ಬರ್ ಕಾಲು ಜಾರ್ತಾವ.' ನಾನು ಕೇಳಲಿಲ್ಲ. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು ಐದಾರು ತಂಬಿಗೆ ನೀರು ಹಾಕಿ ಅದನ್ನು ತೊಳೆದೆ. ನಮ್ಮ ಮನೆಯ ನೆಲ ನಿಮಗೆ ನೆನಪಿದೆಯಲ್ಲ, ಭಂಕೂರಿನಿಂದ ತರಿಸಿದ ಫರ್ಸಿ ಕಲ್ಲು. ಕನ್ನಡಿಯಂತೆ ಹೊಳೆಯಬೇಕೆಂದು ನಾನೇ ಹಟ ಹಿಡಿದು ಪಾಲಿಶ್ ಮಾಡಿಸಿದ್ದು. ಬಚ್ಚಲಿನ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಬಂದಿರಬಹುದು. ರಬ್ಬರಿನ ಕಾಲುಗಳಿಂದ ನೀರು ಸೋರುತ್ತಿತ್ತು. ವಾಕರ್ ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಬಿದ್ದೆ. ಮೂರು ತಿಂಗಳಿಂದ ಮಡಚಲೊಲ್ಲೆನೆಂದ ಮೊಣಕಾಲು ಒಂದೇ ಏಟಿಗೆ ಮಡಚಿಕೊಂಡಿತು.

ನನ್ನ ಕೂಗಿಗೆ ಎಲ್ಲರೂ ಓಡಿ ಬಂದರು, ಬಂದು ನಿಂತರು. ನಾನು ಮಡಿಯಲ್ಲಿದ್ದೆನಲ್ಲ, ಮುಟ್ಟಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಶಹಾಬಾದಿನಿಂದ ಬಂದ ಗೋಪಿಯದು ಇನ್ನೂ ಸ್ನಾನವಾಗಿರಲಿಲ್ಲ, ಅವನೂ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡ. ಮಡಿಯಲ್ಲಿ ಅಡುಗೆ ಮಾಡುತ್ತಿದ್ದವಳು ಪದ್ಮಾ ಒಬ್ಬಳೇ. ಅವಳೇ ಬಂದು ನನ್ನ ಹಿಂದೆ ನೆಲಕ್ಕೆ ಕೂತು, ಬೆನ್ನಿಗೆ ತನ್ನ ಭುಜ ಕೊಟ್ಟು ಎಬ್ಬಿಸಿದಳು. ಆಗ ಗೋಪಿ ಕೇಳಿದ, 'ಇಲ್ಲಿ ಇಷ್ಟು ನೀರು ಯಾರು ಹಾಕಿದ್ರು?'

'ನಿನ್ನ ವೈನಿ ನೆಲಾ ಒರಸ್ಯಾಳ. ಅರಿವಿ ಹಿಂಡಬೇಕಂಬೋದೂ ತಿಳೀಲಿಲ್ಲ ಅಕಿಗೆ' ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ ಅಣ್ಣಾ. ಇನ್ನೂ ಅವಳ ಭುಜಕ್ಕೇ ಒರಗಿದ್ದೆ.

'ವೈನೀ, ಇವತ್ತರ ಒಂಚೂರು ಖಬರ್ ಇರಬ್ಯಾಡೇನ್ರಿ?' ಎಂದು ಗೋಪಿ ಎಲ್ಲರೆದುರು ಅತ್ತಿಗೆಯನ್ನು ಗದರಿದ. ಪದ್ಮಾ ನನ್ನ ಮುಖವನ್ನು ಒಂದು ಸಲ ನೋಡಿದಳು. ನನ್ನನ್ನು ಗೋಡೆಗೆ ಒರಗಿಸಿ ಎದ್ದು ಅಡುಗೆಮನೆಗೆ ಹೋದಳು. ಯಾಕೆ ಹೇಳಿದೆ ಆ ಸುಳ್ಳು? ಮಡಿಗೆಂದು ವಾಕರ್ ತೊಳೆದು ಬಿದ್ದೆ ಎಂದರೆ ಜನ ನಗುತ್ತಾರೆಂದು. ಬೇರೆ ಕಾರಣವೇ ಇಲ್ಲ. ಗೋಪಿ ಸ್ನಾನ ಮಾಡಿ ಬಂದು ಶ್ರಾದ್ಧ ಮುಗಿಸಿದ. ನಾನು ಪಕ್ಕದ ಕೋಣೆಯಲ್ಲಿ ಕಾಲು ದಿಂಬಿನ ಮೇಲಿಟ್ಟು ಮಲಗಿದ್ದೆ. ಹಿರಿಯ ಮಗನಾದ ನಾನು ಹೇಳಬೇಕಾದ ನಿಮ್ಮ ಹೆಸರನ್ನು, ಗೋತ್ರವನ್ನು ತಮ್ಮ ಹೇಳುವುದನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡೆ.

ದೈವದಿಂದ ಕೀಲಿಗೆ ಏನೂ ಆಗಿರಲಿಲ್ಲ. ಬಾವು ಬಂತು, ಮತ್ತೆ ಹಾಸಿಗೆ, ಮತ್ತೆ ಐವತ್ತು ಡಿಗ್ರಿ. ಶಬಾನಾಳನ್ನು ಪದ್ಮಾಳೇ ಫೋನ್ ಮಾಡಿ ಕರೆಸಿದಳು. ಹುಡುಗಿ ಹಳೆಯದೇನೂ ಎತ್ತಲಿಲ್ಲ. 'ಮತ್ತ ಮೊದಲಿಂದ ಶುರು ಮಾಡಮು ಸರ್, ಫಿಕರ್ ಮಾಡಬ್ಯಾಡ್ರಿ' ಎಂದಳು. ಈಗ ನನ್ನ ಟಿಕ್‌ಗಳು ನಿಜ. ಏಳು ಮಾಡಿದರೆ ಏಳೇ. ಎರಡು ದಿನಕ್ಕೊಂದು ಡಿಗ್ರಿ, ಒಮ್ಮೊಮ್ಮೆ ಅದೂ ಇಲ್ಲ. ಪದ್ಮಾ ಹೊತ್ತು ಹೊತ್ತಿಗೆ ಬರ್ಫದ ಚೀಲ ತರುತ್ತಾಳೆ, ಇಡುತ್ತಾಳೆ, ಹೋಗುತ್ತಾಳೆ. ಬೇಕಾದ ಮಾತು ಆಡುತ್ತಾಳೆ, ಬೇಡದ ಮಾತು ಒಂದೂ ಇಲ್ಲ. ಇಷ್ಟು ವರ್ಷ ಆ ಬೇಡದ ಮಾತುಗಳೇ ನಮ್ಮನ್ನು ಜೋಡಿಯಾಗಿ ಇಟ್ಟಿದ್ದವೆಂದು ನನಗೆ ಈಗ ಗೊತ್ತಾಯಿತು.

ಹೋದ ವಾರ ಶಬಾನಾ, ತಾನು ಬಾರದ ದಿನ ನನ್ನ ಹಿಮ್ಮಡಿ ಹೇಗೆ ಹಿಡಿಯಬೇಕೆಂದು ತೋರಿಸಲು ಪದ್ಮಾಳನ್ನು ಕರೆದು 'ಅಮ್ಮಾ, ಇಲ್ಲಿ ಕೆಳಗ ಕುಂದ್ರಿ' ಎಂದಳು. ಪದ್ಮಾ ಮಂಚದ ಕಾಲು ಹಿಡಿದಳು, ತುಟಿ ಕಚ್ಚಿದಳು, ಒಂದು ಮಗ್ಗುಲಾಗಿ ಇಳಿಯತೊಡಗಿದಳು. ಶಬಾನಾ ತಟ್ಟನೆ ತಡೆದು ಅವಳನ್ನು ಮಂಚದ ಮೇಲೆ ಕೂಡಿಸಿ, ಅದೇ ಪ್ಲಾಸ್ಟಿಕ್ ಪಟ್ಟಿ ಅವಳ ಕಾಲಿಗೆ ಹಿಡಿದಳು.

'ಅಮ್ಮಾ, ನಿಮ್ಮದು ಸರ್ ಕಿಂತ ಭಾಳ ಖರಾಬ್ ಅದ. ಎಷ್ಟ್ ದಿನಾತು?'

'ಆರೇಳು ವರ್ಷ ಆಗಿರಬೇಕವ್ವಾ.'

'ಸರ್‌ಗ ಹೇಳಿಲ್ಲೇನ್ರಿ?'

'ಮೊದಲ ಅವರದೊಂದು ಮುಗೀಲಿ ಅಂತ...'

ಆರೇಳು ವರ್ಷ. ಪ್ರತಿ ವರ್ಷ ನಿಮ್ಮ ತಿಥಿಗೆ ಗ್ಯಾಸ್ ನಡೆಯದೆಂದು ನೆಲದ ಮೇಲೆ ಇದ್ದಿಲಿನ ಶೇಗಡಿ ಒಲೆ ಇಟ್ಟು, ಅದರ ಮುಂದೆ ಕೂತು ವಡೆ ಕರಿದವಳು. ಅವತ್ತು ನನ್ನನ್ನು ಎಬ್ಬಿಸಲು ನೆಲಕ್ಕೆ ಕೂತದ್ದೂ ಅದೇ ಮೊಣಕಾಲುಗಳ ಮೇಲೆ. ನನ್ನದೊಂದು ಕಾಲಿನ ಡಿಗ್ರಿ ಊರಿಗೆಲ್ಲ ಗೊತ್ತು. ಅವಳ ಎರಡು ಕಾಲಿನ ಸುದ್ದಿ ಒಂದೇ ಮನೆಯಲ್ಲಿರುವ ನನಗೆ ಗೊತ್ತಿರಲಿಲ್ಲ. ಎಷ್ಟು ನಾಚಿಕೆಯಾಯಿತೆಂದರೆ ಆ ಹುಡುಗಿಯ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ.

ಅವತ್ತು ಸಂಜೆಯೇ ಗೋಪಿಗೆ ಫೋನ್ ಮಾಡಿದೆ. ಪದ್ಮಾ ಎದುರಿಗೇ ತೊಗರಿಬೇಳೆ ಆರಿಸುತ್ತ ಕೂತಿದ್ದಳು. ನೀರು ಹಾಕಿದವನು ನಾನು, ಬೇಡವೆಂದರೂ ಕೇಳದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಗೋಪಿ 'ವೈನೀಗೆ ಕೊಡು ಫೋನು' ಎಂದ. ಅವನೇನು ಹೇಳಿದನೋ ನನಗೆ ಕೇಳಿಸಲಿಲ್ಲ. 'ಇರ್ಲಿ ಬಿಡು ಗೋಪಿ, ನೀ ಯಾಕ ಅಳ್ತಿ' ಎಂದು ಇವಳು ಎರಡು ಸಲ ಅಂದದ್ದು ಕೇಳಿಸಿತು. ಫೋನ್ ಇಟ್ಟು ಮೊರದ ಕಡೆ ತಿರುಗಿದಳು, ಮತ್ತೆ ಬೇಳೆ ಆರಿಸತೊಡಗಿದಳು. ನನ್ನ ಕಡೆ ನೋಡದೆಯೇ ಹೇಳಿದಳು:

'ಇಷ್ಟು ಹೇಳ್ಲಿಕ್ಕ ನಲವತ್ತೊಂದು ದಿನ ಹಿಡೀತ್ರಿ ನಿಮಗ.'

ಅವಳು ಒಂದೊಂದು ದಿನವನ್ನೂ ಎಣಿಸಿದ್ದಳು ಅಣ್ಣಾ.

ಬರುವ ಪಕ್ಷಮಾಸದಲ್ಲಿ ನಿಮ್ಮ ಮಹಾಲಯ ಶ್ರಾದ್ಧ ನಾನೇ ಮಾಡುತ್ತೇನೆ, ಕುರ್ಚಿಯ ಮೇಲೆ ಕೂತು. ಕೊಡ್ಲಿ ಆಚಾರ್ರ ಮುಂದೆ, ಅವತ್ತು ಬಂದಿದ್ದ ಎಲ್ಲರ ಮುಂದೆ, ಸಂಕಲ್ಪಕ್ಕೆ ಮೊದಲು ನಡೆದದ್ದನ್ನು ಹೇಳುತ್ತೇನೆ. ನಗುವವರು ನಗಲಿ. ಅಡುಗೆ ಗ್ಯಾಸಿನ ಕಟ್ಟೆಯ ಮೇಲೆ ಆಗುತ್ತದೆ, ಪದ್ಮಾ ನೆಲಕ್ಕೆ ಕೂಡುವುದಿಲ್ಲ. ಮಡಿ ಸ್ವಲ್ಪ ಕಡಿಮೆಯಾದೀತು, ಊಟಕ್ಕೆ ಬಾರದೆ ಇರಬೇಡಿ. ದೀಪಾವಳಿ ಮುಗಿದ ಮೇಲೆ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋಗುತ್ತೇನೆ. ಅವಳ ಹಿಮ್ಮಡಿ ಹಿಡಿಯುವುದನ್ನು ಶಬಾನಾ ನನಗೆ ಈಗಲೇ ಕಲಿಸುತ್ತಿದ್ದಾಳೆ.

ಇನ್ನೊಂದು ಮಾತು ಉಳಿದಿದೆ. ಸ್ಟೂಲಿನ ಆ ಮಾತಾಡಿದ ಮೇಲೆ ನಾಲ್ಕು ವರ್ಷ ನೀವು ಬದುಕಿದ್ದಿರಿ, ಎಂಟು ವರ್ಷ ಇಲ್ಲ. ಪದ್ಮಾಳಿಗೆ ಹೇಳಲು ನಲವತ್ತೊಂದು ದಿನ ಹಿಡಿಯಿತು, ನಿಮಗೆ ಹೇಳಲು ಹನ್ನೆರಡು ವರ್ಷ ಹಿಡಿಯಿತು. ಅವತ್ತು ಸೇಡಂನಲ್ಲಿ ನಾ ಹಂಗ ಅನ್ನಬಾರದಿತ್ತು ಅಣ್ಣಾ. ತಪ್ಪಾತು.

ನಿಮ್ಮ ಮಗ,
ಶೀನು