ಅಬ್ಬಾ ಗುರುತಿನ ಗಜ

ಚಿತ್ರದುರ್ಗ
ಆಗಸ್ಟ್ 11, 2024, ಭಾನುವಾರ

ಪ್ರೀತಿಯ ತಮ್ಮ ಕೈಸರ್,

ಹೇಗಿದ್ದೀಯ? ಮರದ ಪುಡಿ ಮೂಗಿಗೆ ಹೋದರೆ ಸಾಕು, ಒಂದೇ ಸಮನೆ ಸೀನುತ್ತಿದ್ದೆಯಲ್ಲ, ಹಿರಿಯೂರಿನ ನಿನ್ನ ಹೊಸ ಮರ ಕೊಯ್ಯುವ ಮಷಿನ್ನು ಆ ಸೀನಿಗೂ ಪಾಲಿಶ್ ಕೊಟ್ಟಿತೋ? ನಿನ್ನ ಹೆಸರಿಗೆ ಚಕ್ರವರ್ತಿ ಎಂಬ ಅರ್ಥವಿದೆಯೆಂದು ಅಮ್ಮಿಗೆ ಇಂದಿಗೂ ಹೆಮ್ಮೆ. ಚಕ್ರವರ್ತಿಗಳು ಅಕ್ಕನ ಫೋನು ಎತ್ತುವುದಿಲ್ಲವಾದ್ದರಿಂದ ಅಂಚೆಯ ಮೊರೆ ಹೋಗಿದ್ದೇನೆ. ಉರ್ದುವಿನಲ್ಲಿ ಬರೆದರೆ ಅಮ್ಮಿ ಓದಿಬಿಡುತ್ತಾರೆ. ಕನ್ನಡವಾದರೆ ಕಾಲೇಜಿನ ಪ್ರಶ್ನೆಪತ್ರಿಕೆ ಎಂದುಕೊಂಡು ಚಹಾ ಇಟ್ಟು ಹೋಗುತ್ತಾರೆ. ನನ್ನ ಕನ್ನಡ ಎಂ.ಎ. ಕೊನೆಗೂ ಒಂದು ಉಪಯೋಗಕ್ಕೆ ಬಂತು ನೋಡು. ಅಮ್ಮಿಯ ಮಂಡಿನೋವು ಹಾಗೇ ಇದೆ. ಅಬ್ಬಾನ ಕಣ್ಣು ಚೆನ್ನಾಗಿದೆ. ತೊಂದರೆಯೇ ಅದು, ಮುಂದೆ ಹೇಳುತ್ತೇನೆ.

ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ಬಂದೂಕುಗಳು ಜೂನಿನಲ್ಲಿ ರೈತರ ಕೈಗೆ ಮರಳಿದವಲ್ಲ, ಎಷ್ಟೋ ಜನಕ್ಕೆ ಬಂದೂಕು ಸಿಕ್ಕಿತು, ಗಜ ಸಿಗಲಿಲ್ಲ. ಇದನ್ನು ಕಾಲೇಜಿನಲ್ಲಿ ಹೇಳಿದರೆ ಸಹೋದ್ಯೋಗಿಯೊಬ್ಬರು, "ಅಷ್ಟು ದೊಡ್ಡ ಆನೆ ಹೆಂಗೆ ಕಳೀತು ಮೇಡಂ?" ಅಂದರು. ನಳಿಗೆಯ ಬಾಯಿಂದ ಮದ್ದು ಗುಂಡು ಜಡಿಯುವ ಮರದ ಕೋಲು ಎಂದು ಬಿಡಿಸಿ ಹೇಳಬೇಕಾಯಿತು. ಊರೂರಿನವರು ನಮ್ಮ ಅಂಗಳಕ್ಕೆ ಬಂದು ನಿಂತಾಗ ಅಬ್ಬಾ ಅಂದದ್ದು ನಿನಗೂ ಗೊತ್ತು: "ಕೋಲು ಇನ್ನೂ ಎಣ್ಣೆ ಕುಡೀತಾ ಅವೆ, ಕಾಯ್ರಿ." ನಮ್ಮ ಮನೆಯಲ್ಲಿ ಎಣ್ಣೆ ಹಾಕುವ ಪಾಪ ಮಾಡುವುದು ಕೋಲುಗಳು ಮಾತ್ರ ಎಂದು ನೀನೇ ನಗಿಸುತ್ತಿದ್ದೆ. ದಿಂಡಿಗ ಮರದ ದಿಮ್ಮಿಗೆ ಬೆಣೆ ಹೊಡೆದು ಸೀಳಬೇಕು, ಕೊಯ್ಯಬಾರದು; ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಡುತ್ತದೆ, ಗರಗಸ ಯಾರ ದಾರಿಯನ್ನೂ ಕೇಳುವುದಿಲ್ಲ. ಆಮೇಲೆ ನೆರಳಲ್ಲಿ ಒಣಗಿಸಿ, ಗಾಜಿನ ಚೂರಿನಿಂದ ಹೆರೆದು, ಅಗಸೆ ಎಣ್ಣೆ ತುಂಬಿದ ಬೋರ್‌ವೆಲ್ ಪೈಪಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಕೊನೆಗೆ ಮಂಡಿಯ ಮೇಲೆ ಬಾಗಿಸಿ ನೋಡಬೇಕು. ಬಿಲ್ಲಿನಂತೆ ಬಾಗಿ ನೆಟ್ಟಗಾದದ್ದಕ್ಕೆ ಮಾತ್ರ ಅರ್ಧಚಂದ್ರದ ಮುದ್ರೆ.

ಆ ಮುದ್ರೆಯ ಕಬ್ಬಿಣವನ್ನು ನೀನು ಮನೆ ಬಿಡುವಾಗ "ಅಬ್ಬಾ ನೆನಪಿಗೆ" ಎಂದು ಒಯ್ದೆ. ನೆನಪು ಬಲು ಚುರುಕಾಗಿ ಕೆಲಸ ಮಾಡಿತು. ಹೊಳಲ್ಕೆರೆ, ಹೊಸದುರ್ಗದ ಸಂತೆಗಳಲ್ಲಿ ಪಳಪಳ ಹೊಳೆಯುವ ಗಜಗಳು ಬಂದವು, ತುದಿಯಲ್ಲಿ ಅರ್ಧಚಂದ್ರ. ಕಾಯುವ ಕಷ್ಟವಿಲ್ಲ.

ಹೋದ ತಿಂಗಳು ತಾಳ್ಯದ ಕರಿಯಣ್ಣ ಬಂದ. ಚಿಕ್ಕವರಿದ್ದಾಗ ನಮಗೆ ಹಸಿ ಕಡಲೆಕಾಯಿ ತಂದುಕೊಡುತ್ತಿದ್ದವನು. ಬಲಗೈ ತುಂಬಾ ಬ್ಯಾಂಡೇಜು. ಗುಂಡು ಜಡಿಯುವಾಗ ಗಜ ಓರೆಯಾಗಿ ಸೀಳಿ, ಈಟಿಯಂತೆ ಅಂಗೈಯ ಈ ಕಡೆ ಹೊಕ್ಕು ಆ ಕಡೆ ಬಂದಿತ್ತು. ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. "ಅಲಿ ಸಾಬ್ರೇ, ಜಗಳಕ್ಕೆ ಬಂದಿಲ್ಲ ಕಣ್ರಿ. ನಿಮ್ ಕೈ ಯಾವಾಗ ಹಿಂಗಾತು ಅಂತ ಕೇಳಾಕೆ ಬಂದೆ," ಅಂದ. ತನ್ನ ಕೈ ಎದೆಗೆ ಕಟ್ಟಿಕೊಂಡು ಅಬ್ಬಾನ ಕೈ ವಿಚಾರಿಸಿದ!

ಅಬ್ಬಾ ಮುರಿದ ತುಂಡನ್ನು ಬಿಸಿಲಿಗೆ ಹಿಡಿದರು. ಎಳೆ ಅಡ್ಡಡ್ಡ ಓಡಿತ್ತು, ಒಳಗೆ ಎಣ್ಣೆಯ ಹನಿಯೂ ಇರಲಿಲ್ಲ, ಮೇಲೆ ಬರೀ ವಾರ್ನಿಶ್. ನನಗೇ ಕಂಡಿತು, ಅವರಿಗೆ ಕಾಣದೇ? ಅರ್ಧಚಂದ್ರದ ಮೇಲೆ ಹೆಬ್ಬೆರಳಾಡಿಸುತ್ತಾ, "ನಂದೇ, ಕರಿಯಣ್ಣ. ಕಣ್ಣು ಮಂಜಾಗೈತೆ, ಎಳೆ ಕಾಣಲಿಲ್ಲ," ಅಂದರು.

ಅಮ್ಮಿ ಅದನ್ನು ನಂಬಿ ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದರು. ಜೊತೆಗೆ ನಾನೂ ಹೋಗಿದ್ದೆ. "ಈ ವಯಸ್ಸಿಗೆ ಇಂಥ ಕಣ್ಣು ನೋಡೇ ಇಲ್ಲ ಸಾಹೇಬ್ರೆ," ಅಂದರು ಡಾಕ್ಟರು. ಅಬ್ಬಾ ಕೈ ಮುಗಿದು, "ಇನ್ನೊಂದ್ಸಲ ಸರಿಯಾಗಿ ನೋಡ್ರಿ, ಏನಾದ್ರೂ ಇದ್ದೇ ಇರ್ತೈತೆ," ಎಂದು ಗೋಗರೆದರು. ಕಣ್ಣು ಚೆನ್ನಾಗಿದೆ ಎಂಬ ಸುದ್ದಿಗೆ ಬೆವರಿದ ಮನುಷ್ಯನನ್ನು ಅಂದೇ ಮೊದಲು ನೋಡಿದ್ದು. ಈಗ ಪೇಟೆಯಲ್ಲಿ ಕೊಂಡ ಯಾವುದೋ ಕನ್ನಡಕ ಹಾಕಿಕೊಂಡು ಓಡಾಡುತ್ತಾರೆ, ಹೊಸ್ತಿಲು ಎಡವುತ್ತಾರೆ. ನಿನ್ನ ಹೆಸರು ಮನೆಯಲ್ಲಿ ಒಮ್ಮೆಯೂ ಎತ್ತಿಲ್ಲ, ನನ್ನೆದುರೂ ಇಲ್ಲ. ಹೆಸರಿನಲ್ಲೇ ಕೈ ಇಟ್ಟುಕೊಂಡು ಹುಟ್ಟಿದವನು ನೀನು, ಇನ್ನೊಬ್ಬರ ಕೈ ತೆಗೆಯಬಾರದಿತ್ತು. ನೋಡು, ಇಂಥದ್ದರಲ್ಲೂ ನನಗೆ ಶ್ಲೇಷೆ ಹೊಳೆಯುತ್ತದೆ. ನಗು ಮಾತ್ರ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮಿಯ ದುವಾ ಐದು ಹೊತ್ತೂ ನಿನ್ನ ಮೇಲಿದೆ, ಅವರಿಗೇನೂ ಗೊತ್ತಿಲ್ಲವಲ್ಲ.

ನಿನ್ನ ಆಪಾ,
ಮದೀಹಾ

ತಾ.ಕ.: ಅಬ್ಬಾ ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತಾರೆ. ತಾಳ್ಯ ಮುಗಿಯಿತು, ಈಗ ಮತ್ತೋಡಿನ ಕಡೆ. ಮನೆಮನೆಗೆ ಹೋಗಿ, "ನನ್ನ ಕಣ್ಣು ಸರಿ ಇರಲಿಲ್ಲ, ಕೊಟ್ಟುಬಿಡ್ರಿ," ಎಂದು ನಿನ್ನ ಗಜ ಪಡೆದು ಮಂಡಿಗೆ ಕೊಟ್ಟು ಮುರಿಯುತ್ತಾರೆ, ಪೈಪಿನಿಂದ ತೆಗೆದು ಒಯ್ದಿದ್ದ ತಮ್ಮದನ್ನು ಕೊಡುತ್ತಾರೆ. ಮೆಕ್ಕೆಜೋಳ ತೆನೆ ಕಟ್ಟುತ್ತಿದೆ, ಇನ್ನೇನು ಕಾಡುಹಂದಿಗಳು ಹೊಲಕ್ಕಿಳಿಯುತ್ತವೆ, ಎಲ್ಲರೂ ಬಂದೂಕು ತುಂಬುತ್ತಾರೆ. ನೀನು ಬರಬೇಡ. ಯಾರ್ಯಾರಿಗೆ ಮಾರಿದೆ, ಯಾವ ಊರು, ಅಷ್ಟು ಬರೆದು ಹಾಕು. ಅಬ್ಬಾ ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ಅವು ನಿನ್ನವು ಎಂದು ಒಪ್ಪಿಕೊಂಡಂತಾಗುತ್ತದೆ.