ಅಪ್ಪನ ರಿವಾಲ್ವರಿನ ಮೇಲೆ ಮೂರು ತುಕ್ಕುಪಟ್ಟೆ

ಆಯುಧ ಪರವಾನಗಿ ಕೊಡುವ, ತಡೆಯುವ ಮತ್ತು ಕಿತ್ತುಕೊಳ್ಳುವ ಅಧಿಕಾರವುಳ್ಳ ಮಾನ್ಯರೇ,

ನನ್ನ ತಂದೆಯ ಕಾಲದ ರಿವಾಲ್ವರಿನ ಮೇಲಿದ್ದ ಸಂಖ್ಯೆಯನ್ನು ನಾನೇ ಉಜ್ಜಿ ಅಳಿಸಿದ್ದೇನೆಂದು ತಮ್ಮ ಕಚೇರಿಯಿಂದ ನನಗೆ ನೋಟಿಸು ಬಂದಿದೆ. ಅಳಿಸಿದ್ದು ನಾನಲ್ಲ, ತೇವ. ಆ ತೇವ ನನ್ನ ಮನೆಯದೂ ಅಲ್ಲ. ತಮ್ಮ ಅಪ್ಪಣೆಯಂತೆ ನಾನು ಅದನ್ನು ಒಪ್ಪಿಸಿದ ಪೊಲೀಸ್ ಠಾಣೆಯ ಕೋಣೆಯದು. ಇಷ್ಟು ಸಣ್ಣ ಮಾತನ್ನು ಹೇಳಲು ನಾನು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ. ಎಲ್ಲರೂ ಕೂರಿಸಿದರು, ಕೆಲವರು ಕಾಫಿಯನ್ನೂ ಕೊಟ್ಟರು, ಕಿವಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಆದ್ದರಿಂದ ಈ ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯವನು. ಭತ್ತ, ಕಬ್ಬು, ಒಂದಿಷ್ಟು ತೆಂಗು ಇದೆ. ನಮ್ಮಪ್ಪ ಬೇಸಾಯದ ಜೊತೆಗೆ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಮಾರ್ಟಳ್ಳಿಯಿಂದ ಪಾಲಾರ್‌ವರೆಗೆ ಹುಣಸೆಮರಗಳನ್ನು ಗುತ್ತಿಗೆ ಹಿಡಿದು, ಅಲ್ಲಿಯವರೊಡನೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಚೌಕಾಸಿ ಮಾಡಿ, ಕಾಡಿನ ದಾರಿಯಲ್ಲಿ ದುಡ್ಡು ಕಟ್ಟಿಕೊಂಡು ತಿರುಗುವ ಕಸುಬು. ಆ ಕಾಲಕ್ಕೆ ಆ ದಾರಿಯಲ್ಲಿ ಕಾಡುಗಳ್ಳರ ಭಯ ಎಷ್ಟಿತ್ತೆಂಬುದನ್ನು ಹನೂರು ಕಡೆಯ ವಯಸ್ಸಾದವರು ಹೇಳುತ್ತಾರೆ. ಅದಕ್ಕೆಂದೇ ಸರ್ಕಾರ ಅವರಿಗೆ ಪರವಾನಗಿ ಕೊಟ್ಟಿತು. ಅವರು ತೀರಿಕೊಂಡ ಮೇಲೆ ಕ್ರಮಬದ್ಧವಾಗಿ ಅದು ನನ್ನ ಹೆಸರಿಗಾಯಿತು. ಅಪ್ಪ ರಿವಾಲ್ವರನ್ನು ಸೊಂಟದಲ್ಲಿಟ್ಟುಕೊಂಡು ತಿರುಗಿದರೇ ಹೊರತು ಒಂದು ದಿನವೂ ಯಾರ ಮುಂದೂ ಎತ್ತಿದವರಲ್ಲ. ಅವರ ಪ್ರೀತಿಯೆಲ್ಲ ಅದರ ಬಣ್ಣದ ಮೇಲೆ. ಮಾಗಿದ ನೇರಳೆಹಣ್ಣಿನ ಹಾಗೆ ಕಪ್ಪಿನೊಳಗೊಂದು ನೀಲಿ ಇತ್ತು ಅದಕ್ಕೆ.

ಆ ಬಣ್ಣಕ್ಕೆ ತೇವವೇ ಶತ್ರು ಎಂದು ಅವರು ಅರಿತಿದ್ದರು. ಬೆವರಿನ ಕೈಯಲ್ಲಿ ಮುಟ್ಟಿದರೂ ತಕ್ಷಣ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಚರ್ಮದ ಚೀಲ ಬೆವರು ಹೀರುತ್ತದೆಂದು ಮನೆಗೆ ಬಂದ ಕೂಡಲೇ ರಿವಾಲ್ವರನ್ನು ಅದರಿಂದ ತೆಗೆದು ತೇಗದ ಪೆಟ್ಟಿಗೆಯಲ್ಲಿಡುತ್ತಿದ್ದರು. ಪೆಟ್ಟಿಗೆಯೊಳಗೆ ಹುರಿದ ಅಕ್ಕಿಯ ಒಂದು ಗಂಟು. ಗಾಳಿಯ ತೇವವನ್ನು ಅಕ್ಕಿ ಕುಡಿಯಲಿ, ಕಬ್ಬಿಣ ಕುಡಿಯದಿರಲಿ ಎಂದು. ಪ್ರತಿ ಅಮಾವಾಸ್ಯೆಗೆ ಹಳೆಯ ಅಕ್ಕಿ ಕೋಳಿಗೆ, ಹೊಸ ಅಕ್ಕಿ ಪೆಟ್ಟಿಗೆಗೆ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ನೇಗಿಲಿಗೆ, ಟ್ರ್ಯಾಕ್ಟರಿಗೆ, ಕುಡುಗೋಲಿಗೆ, ಕೊನೆಗೆ ಮಿಕ್ಸಿಗೂ ವಿಭೂತಿ ಹಚ್ಚುತ್ತೇವೆ. ರಿವಾಲ್ವರಿಗೆ ಮಾತ್ರ ಇಲ್ಲ. ನೀರಲ್ಲಿ ಕಲಸಿದ ವಿಭೂತಿ ಹಿಡಿದು ಬಂದ ನಮ್ಮವ್ವನಿಗೆ ಅಪ್ಪ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಪೆಟ್ಗೆಗೆ ಅಚ್ಚು ಕಣಮ್ಮಿ. ದೇವ್ರು ತಾನೇ ಒಳೀಕೆ ಓಯ್ತಾನೆ."

ನಲವತ್ತು ವರ್ಷಕ್ಕೂ ಮಿಕ್ಕಿ ಹೀಗೆ ಬಾಳಿದ ವಸ್ತುವನ್ನು ಕಳೆದ ಲೋಕಸಭಾ ಚುನಾವಣೆ ಘೋಷಣೆಯಾದಾಗ ತಾವು ಠಾಣೆಗೆ ಒಪ್ಪಿಸಲು ಆದೇಶಿಸಿದಿರಿ. ಒಪ್ಪುವ ಮಾತೇ. ಮತದಾನ ಶಾಂತವಾಗಿ ನಡೆಯಬೇಕು. ಧನಗೆರೆಯ ಈ ಕೆಂಪನಂಜಪ್ಪ ಹುಣಸೆಹಣ್ಣಿನ ವ್ಯಾಪಾರಿ ಅಪ್ಪನ ರಿವಾಲ್ವರ್ ಹಿಡಿದು ಮತಗಟ್ಟೆಗೆ ನುಗ್ಗಿದರೆ ಪ್ರಜಾಪ್ರಭುತ್ವದ ಗತಿಯೇನು? ನಾನು ಪೆಟ್ಟಿಗೆ, ಎಣ್ಣೆಯ ಸೀಸೆ, ಅಕ್ಕಿಗಂಟು ಎಲ್ಲವನ್ನೂ ಹೊತ್ತುಕೊಂಡು ಹೋದೆ. ಬರೆದುಕೊಳ್ಳುತ್ತಿದ್ದ ಜಮೇದಾರರು ಗಂಟನ್ನು ಬಿಚ್ಚಿ ನೋಡಿದರು.

"ಅಕ್ಕಿ ಯಾಕ್ ಸಾ? ಇದಕ್ಕೂ ಅಸಿವಾಯ್ತದಾ?"

ನಾನು ವಿವರಿಸಿದೆ. ಅವರು ನಕ್ಕು, ಪೆಟ್ಟಿಗೆಯನ್ನೂ ನನ್ನ ಕಡೆಗೆ ತಳ್ಳಿದರು. "ಪೆಟ್ಗೆ ಗಿಟ್ಗೆ ಎಲ್ಲಾ ಮಡಗಕ್ಕೆ ಜಾಗ ಇಲ್ಲ ಸಾ. ಸಾಮಾನ್ ಒಂದ್ ಕೊಟ್ಬುಟ್ಟು ಓಗಿ." ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಹಳಬರು ನನ್ನನ್ನು ಕಂಡೇ ಕಟ್ಟಿರಬೇಕು. ಖಾಲಿ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಊರಿಗೆ ಬಂದೆ.

ಚುನಾವಣೆ ಮುಗಿಯಿತು. ಗೆದ್ದವರು ಗೆದ್ದರು, ಸೋತವರು ಸೋತರು, ಪಟಾಕಿಯೂ ಸುಟ್ಟಾಯಿತು. ಬಿಡುಗಡೆಯ ಆದೇಶ ಮಾತ್ರ ಬರಲಿಲ್ಲ. ಕೇಳಿದರೆ ಸಾಹೇಬರು ವರ್ಗವಾಗಿದ್ದಾರೆ, ಹೊಸಬರು ಬರಬೇಕು. ಹೊಸಬರು ಬಂದರು, ಕಡತ ಕೆಳಗಿದೆ. ಕಡತ ಮೇಲೆ ಹೋಯಿತು, ಸಹಿ ಆಗಬೇಕು. ಅಷ್ಟರಲ್ಲಿ ಮಳೆಗಾಲ ಬಂದು ಹೋಯಿತು. ಠಾಣೆಯ ಆ ಕೋಣೆಯ ಮಾಡು ಸೋರುವುದು ಊರಿಗೆಲ್ಲ ಗೊತ್ತು. ಒಳಗೆ ಹಿಡಿದು ತಂದ ಸಾರಾಯಿ ಕ್ಯಾನು, ಕೆಟ್ಟ ಬೈಕಿನ ಬಿಡಿಭಾಗ, ಅವುಗಳ ನಡುವೆ ನಮ್ಮಂಥವರ ಬಂದೂಕುಗಳು. ನೀರು ತೊಟ್ಟಿಕ್ಕುವ ಜಾಗಕ್ಕೆ ಒಂದು ಬಕೆಟ್ಟನ್ನು ಇಟ್ಟಿದ್ದರು. ಬಕೆಟ್ ತುಂಬಿದಾಗ ಚೆಲ್ಲುವವರು ಯಾರೆಂಬುದಕ್ಕೆ ಆದೇಶವಿರಲಿಲ್ಲ.

ಈಗ ಹೇಳುವ ಮಾತನ್ನು ತಾವು ಸಮಾಧಾನದಿಂದ ಕೇಳಬೇಕು. ದಸರಾ ಬಂತು. ಠಾಣೆಯಲ್ಲಿ ಆಯುಧಪೂಜೆ. ಇಲಾಖೆಯ ಬಂದೂಕುಗಳಿಗೆ ಪೂಜೆಯಾಯಿತು. ಆಗ ಠಾಣೆಯ ಯಾರೋ ಒಬ್ಬ ಒಳ್ಳೆಯ ಮನಸ್ಸಿನವನಿಗೆ, ನಂಬಿಕೆಯಿಟ್ಟು ಒಪ್ಪಿಸಿದ ಜನರ ಆಯುಧಗಳು ಮಾತ್ರ ಯಾಕೆ ಬರಿ ಹಣೆಯಲ್ಲಿರಬೇಕು ಅನ್ನಿಸಿತು. ಅವನು ಒಳಗೆ ಹೋಗಿ ನನ್ನ ಅಪ್ಪನ ರಿವಾಲ್ವರಿಗೆ ಹಸಿ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದ. ನಡುವೆ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು ಹಿಂಡಿದ. ದೇವರಿಗೆ ಹಚ್ಚಿದ್ದನ್ನು ಒರೆಸಬಾರದಲ್ಲ, ಹಾಗೇ ಬಿಟ್ಟ. ಮಾಡು ಸೋರುತ್ತದೆ, ಪಾಪ ನೆನೆದೀತು ಎಂದು ಮರುಕದಿಂದ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿದ. ಹುಳಿ, ನೀರು, ಉಸಿರಾಡಲು ಜಾಗವಿಲ್ಲದ ಕವರು. ಶತ್ರುವೂ ಇಷ್ಟು ಚೆನ್ನಾಗಿ ಹಾಳು ಮಾಡಲಾರ.

ಕಾರ್ತಿಕದಲ್ಲಿ ಬಿಡುಗಡೆಯಾಗಿ ಕೈಗೆ ಬಂದಾಗ ನಾನು ಠಾಣೆಯ ಬೆಂಚಿನ ಮೇಲೆಯೇ ಕವರು ಬಿಚ್ಚಿದೆ. ವಿಭೂತಿ ಉದುರಿಹೋಗಿತ್ತು. ಅದು ಇದ್ದ ಕಡೆ ಮೂರು ತುಕ್ಕುಪಟ್ಟೆ, ಕೆಂಪಗೆ, ಬೆರಳಿನ ಅಗಲಕ್ಕೆ. ನೇರಳೆಯ ಬಣ್ಣವನ್ನು ಯಾರೋ ಕಚ್ಚಿ ತಿಂದ ಹಾಗೆ ಹೋಗಿತ್ತು. ನಡುವಿನ ಪಟ್ಟೆಯ ಕೆಳಗೇ ಸಂಖ್ಯೆ ಇದ್ದದ್ದು. ಅಲ್ಲಿ ಗುಳಿಗಳಿದ್ದವು, ಅಂಕಿಗಳಿರಲಿಲ್ಲ. ನನಗೆ ಅಳು ಬಂತು, ಮಾನ್ಯರೇ. ಈ ವಯಸ್ಸಿನಲ್ಲಿ ಠಾಣೆಯೊಳಗೆ ಅಳಬಾರದೆಂದು ಹೊರಗೆ ಬಂದು ಹೊಂಗೆಮರದಡಿ ನಿಂತೆ.

ಮನೆಯಲ್ಲಿ ನನ್ನ ಹೆಂಡತಿ ಬಸವಮ್ಮ ನೋಡಿ, "ಉಣಸೆಣ್ಣಾಕಿ ತಿಕ್ಲಾ? ಅಟ್ಟದ್ ಮೇಲಿನ ಚರಿಗೆನೇ ಬೆಳ್ಳಗಾಯ್ತದೆ, ಇದೇನ್ ಮಹಾ" ಅಂದಳು. ಹುಣಸೆಹಣ್ಣಿನಿಂದ ಬಂದ ಆಯುಧಕ್ಕೆ ಹುಣಸೆಹಣ್ಣಿನಿಂದಲೇ ಸಾವು ಬೇಡವೆಂದು ತಡೆದೆ. ಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಇದ್ದಷ್ಟು ಬಣ್ಣವಾದರೂ ಉಳಿಯಲೆಂದು ಪೆಟ್ಟಿಗೆಯಲ್ಲಿಟ್ಟೆ. ಪರವಾನಗಿ ನವೀಕರಣಕ್ಕೆ ತಂದು ತೋರಿಸಿದಾಗ ತಮ್ಮವರು ಅದನ್ನೇ ಹಿಡಿದರು. ಒರೆಸದೆ ತಂದಿದ್ದರೆ ಆಯುಧವನ್ನು ಸುಸ್ಥಿತಿಯಲ್ಲಿ ಇಟ್ಟಿಲ್ಲವೆಂದು ಬರೆಯುತ್ತಿದ್ದರು. ಒರೆಸಿ ತಂದದ್ದಕ್ಕೆ ಉಜ್ಜಿದ ಗುರುತಿದೆ ಎಂದು ಬರೆದು, ರಿವಾಲ್ವರನ್ನು ಜಪ್ತಿ ಮಾಡಿ ಮೊಹರು ಹಾಕಿದರು. ಅತ್ತ ದರಿ, ಇತ್ತ ಪುಲಿ. ಠಾಣೆಯಲ್ಲಿ ಹೀಗಾಯಿತು ಎಂದರೆ, "ನೀವ್ ಕೊಡುವಾಗ್ಲೇ ಇಂಗಿತ್ತೋ ಏನೋ, ಯಾರ್ ಸಾ ಕಂಡೋರು?" ಎಂದರು. ಠಾಣೆಯ ರಸೀದಿಯಲ್ಲಿ ಇರುವುದು ಇಷ್ಟೇ: ರಿವಾಲ್ವರ್ ಒಂದು, ಹಳೆಯದು.

ನೋಟಿಸಿಗೆ ಉತ್ತರ ತೃಪ್ತಿಕರವಲ್ಲದಿದ್ದರೆ ಮೊಕದ್ದಮೆ ಹೂಡುವುದಾಗಿ ತಾವು ತಿಳಿಸಿದ್ದೀರಿ. ಸಂಖ್ಯೆಯಿಲ್ಲದ ಆಯುಧ ಇಟ್ಟುಕೊಂಡವನು ಎಂದರೆ ಜನ ಏನೆಂದುಕೊಳ್ಳುತ್ತಾರೆ? ಕಳ್ಳರು ಸಂಖ್ಯೆ ಅಳಿಸುತ್ತಾರೆ, ಕೊಲೆಗಾರರು ಅಳಿಸುತ್ತಾರೆ. ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸುತ್ತೀರಿ. ನಮ್ಮೂರಿನಲ್ಲಿ ಈಗಲೇ ಜನ ನನ್ನ ಮಾತು ಕೇಳುವ ರೀತಿ ಬದಲಾಗಿದೆ. ಅರಳಿಕಟ್ಟೆಯಲ್ಲಿ ನಾನು ಹೋಗಿ ಕೂತರೆ ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಗುತ್ತದೆ.

ಇದರಿಂದ ಪಾರಾಗಲು ಒಂದು ದಾರಿ ಇದೆ ಎಂದು ತಮ್ಮ ಕಚೇರಿಯವರೇ ಸೂಚಿಸಿದರು. ವಿಭೂತಿ ಹಚ್ಚಿದವನ ಹೆಸರು ಬರೆದುಕೊಡಬೇಕಂತೆ. ಆಗ ತಪ್ಪು ಅವನದಾಗುತ್ತದೆ. ಹೆಸರು ನನಗೆ ಗೊತ್ತು, ಏಕೆಂದರೆ ಅವನೇ ಒಂದು ಭಾನುವಾರ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತ.

"ಯಜಮಾನ್ರೆ, ನಾನೇ ಕಣ್ ಸಾ ಅಚ್ಚಿದ್ದು. ಮಾದಪ್ಪನಾಣೆ, ಒಳ್ಳೇದಾಗ್ಲಿ ಅಂತ್ಲೇ ಅಚ್ದೆ. ನಂಬರ್ ಇರೋ ಜಾಗ ಅಂತ ಗೊತ್ತಾಗ್ನಿಲ್ಲ."

"ಒರಸ್ಬಾರದಾಗಿತ್ತಾ?" ಎಂದೆ.

"ದೇವ್ರುದ್ದ ಎಂಗ್ ಸಾ ಒರ್ಸದು?"

ಈ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತೇನೆ. ಉತ್ತರ ತಮ್ಮಲ್ಲಿದೆಯೇ? ಯಳಂದೂರಿನಲ್ಲಿ ಟೀಚರಾಗಿರುವ ನನ್ನ ಮಗಳು ದೀಪಶ್ರೀ ಫೋನಿನಲ್ಲಿ ಸಿಟ್ಟಾದಳು: "ಅಪ್ಪಾಜಿ, ಎಸ್ರು ಬರ್ದು ಕೊಟ್ಬುಡಿ. ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೀತೀರಾ?" ಅವಳದೂ ತಪ್ಪಿಲ್ಲ, ನನ್ನ ಮೇಲಿನ ಅಕ್ಕರೆಯ ಮಾತದು. ಆದರೆ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ಬಸವಮ್ಮ ತಲೆಯೆತ್ತದೆ ಹೇಳಿದಳು: "ಇಬೂತಿ ಅಚ್ಚಿದ್ದಕ್ಕೆ ಒಬ್ಬನ ಅನ್ನ ಕಿತ್ಕಳದಾ? ಬ್ಯಾಡ ಕಣ್ರಿ." ಹೆಸರು ಕೊಡುವುದಿಲ್ಲ, ಮಾನ್ಯರೇ. ನಾನು ದೂರುತ್ತಿರುವುದು ಆ ಕೈಯನ್ನಲ್ಲ. ಜೂನ್ ತಿಂಗಳಲ್ಲೇ ಒಂದು ಸಹಿ ಬಿದ್ದಿದ್ದರೆ ದಸರಾದ ಹೊತ್ತಿಗೆ ಆ ರಿವಾಲ್ವರ್ ನಮ್ಮ ಮನೆಯ ಪೆಟ್ಟಿಗೆಯೊಳಗೆ ಬೆಚ್ಚಗಿರುತ್ತಿತ್ತು. ಆ ಸಹಿ ಯಾವ ಕೈಯದು ಎಂದು ಯಾರೂ ನೋಟಿಸು ಕೊಟ್ಟು ಕೇಳುವುದಿಲ್ಲವಲ್ಲ.

ಈಗ ನನ್ನ ಬೇಡಿಕೆ. ಹಿಡಿಕೆಯ ಮರದ ಹಲಗೆಯನ್ನು ಬಿಚ್ಚಿದರೆ ಒಳಗಿನ ಕಬ್ಬಿಣದ ಮೇಲೆ ಅದೇ ಸಂಖ್ಯೆ ಇನ್ನೊಂದು ಸಲ ಕೊರೆದಿದೆ. ಅಪ್ಪ ನನಗೆ ತೋರಿಸಿದ್ದಾರೆ. ಒಂದೇ ಒಂದು ತಿರುಪು. ತಮ್ಮ ಕಡೆಯ ಒಬ್ಬರು ಅದನ್ನು ತಿರುಗಿಸಿ, ಪರವಾನಗಿ ಪುಸ್ತಕದೊಡನೆ ಹೋಲಿಸಿ ನೋಡಿದರೆ ನಾನು ಕಳ್ಳನಲ್ಲವೆಂದು ತಿಳಿಯುತ್ತದೆ, ಆ ಬಡಪಾಯಿಯ ಹೆಸರೂ ಬೇಕಾಗುವುದಿಲ್ಲ. ಇದನ್ನು ಹೇಳಿದೆ. ಮೊಹರು ಮಾಡಿದ ವಸ್ತುವನ್ನು ಬಿಚ್ಚಲು ಆದೇಶ ಬೇಕಂತೆ. ನಾನೇ ಬಿಚ್ಚಿ ತೋರಿಸಿದರೆ ಸಾಕ್ಷ್ಯ ಕೆಡಿಸಿದಂತಂತೆ. ಆದೇಶ ತಾವೇ ಕೊಡಬೇಕಂತೆ. ದಯಮಾಡಿ ಕೊಡಿ.

ಬೇಗ ಕೊಡಿ ಎನ್ನಲು ಕಾರಣವಿದೆ. ಜಪ್ತಿ ಮಾಡಿದ ರಿವಾಲ್ವರನ್ನು ತಾವು ಮತ್ತೆ ಇಟ್ಟಿರುವುದು ಅದೇ ಠಾಣೆಯ ಅದೇ ಕೋಣೆಯಲ್ಲಿ. ಮಾಡಿಗೆ ಇನ್ನೂ ಹೆಂಚು ಬಿದ್ದಿಲ್ಲ. ಈ ವಾರ ಕೊಳ್ಳೇಗಾಲದಲ್ಲಿ ಜೋರು ಮಳೆ. ಆಕಾಶ ಕಪ್ಪಾದಾಗಲೆಲ್ಲ ನನ್ನ ಗದ್ದೆಯ ಚಿಂತೆ ಬರುವುದಿಲ್ಲ, ಆ ಮರದ ಹಲಗೆಯ ಕೆಳಗೆ ನೀರು ಇಳಿಯಿತೇ ಎಂಬ ಚಿಂತೆ ಬರುತ್ತದೆ. ನನ್ನ ನಿರಪರಾಧಿತ್ವವೆಲ್ಲ ಅಲ್ಲಿ, ತಮ್ಮ ವಶದಲ್ಲಿ, ತುಕ್ಕು ಹಿಡಿಯುತ್ತಾ ಕೂತಿದೆ. ನಾನು ಬಾಗಿಲವರೆಗೆ ಹೋಗಬಹುದು, ಒಳಗೆ ಕೈ ಹಾಕುವಂತಿಲ್ಲ.

ಆಯುಧಪೂಜೆ ಮತ್ತೆ ಹತ್ತಿರ ಬಂತು. ಅಷ್ಟರೊಳಗೆ ಆ ತಿರುಪು ಬಿಚ್ಚಲಾಗದಿದ್ದರೆ, ಕನಿಷ್ಠ ಈ ಸಲ ಅದಕ್ಕೆ ಯಾರೂ ವಿಭೂತಿ ಹಚ್ಚದಂತೆ ಒಂದು ಮಾತು ಹೇಳಿ. ಹಚ್ಚಲೇಬೇಕೆಂದರೆ ಪೆಟ್ಟಿಗೆಗೆ ಹಚ್ಚಲಿ ಎನ್ನೋಣವೆಂದರೆ ಪೆಟ್ಟಿಗೆಗೆ ತಮ್ಮಲ್ಲಿ ಜಾಗವಿಲ್ಲ. ಅದು ನಮ್ಮ ಮನೆಯ ಅಟ್ಟದ ಮೇಲಿದೆ. ಬಸವಮ್ಮ ಮೊನ್ನೆ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಒಳಗೆ ಹೊಸದಾಗಿ ಹುರಿದ ಅಕ್ಕಿಯ ಗಂಟು ಇಟ್ಟಳು. ಆ ಖಾಲಿ ಪೆಟ್ಟಿಗೆಯ ಮುಚ್ಚಳವನ್ನು ನಾನು ಮುಚ್ಚಿದೆ. ಈ ಸಲವೂ ಅದರ ಮುಚ್ಚಳಕ್ಕೆ ವಿಭೂತಿ ಹಚ್ಚುತ್ತೇವೆ. ದೇವರು ಒಳಗೆ ಹೋಗಿ ನೋಡಿದರೆ ಅಲ್ಲಿ ಅಕ್ಕಿ ಮಾತ್ರ ಇರುತ್ತದೆ.

ಇಂತಿ,
ಆ ಸಂಖ್ಯೆಯನ್ನು ಬಾಯಿಪಾಠ ಹೇಳಬಲ್ಲ, ಆದರೆ ಆ ಬಾಯಿ ಸಾಕ್ಷಿಗೆ ಸಲ್ಲದೆಂದು ತಮ್ಮಿಂದ ತಿಳಿದುಕೊಂಡ,
ಕೆಂಪನಂಜಪ್ಪ, ಧನಗೆರೆ