ಅಂಗಳದಲ್ಲೇ ನಿಂತ ಕಾರು

ಬುಧವಾರ, ೯ನೇ ತಾರೀಖು

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಕಣ್ಣಿನ ಪಟ್ಟಿ ಬಿಚ್ಚಲಿ, ಆಮೇಲೆ ಬರೆಯೋಣ ಅಂತ ಇಷ್ಟು ದಿನ ತಡೆದೆ, ಬೇಜಾರು ಮಾಡಿಕೋಬೇಡ. ಅಕ್ಷರ ದಪ್ಪದಪ್ಪಗೆ ಬರೆದಿದ್ದೀನಿ. ನೀನೇ ಓದಿಕೋ, ಯಾರ ಕೈಲೂ ಓದಿಸಬೇಡ.

ಆಪರೇಷನ್ ದಿನ ಬರ್ತೀನಿ ಅಂತ ಮಾತು ಕೊಟ್ಟು ತಪ್ಪಿದೆ. ಕಾರು ಕೆಟ್ಟಿತ್ತು ಅಂದಿದ್ದು ಸುಳ್ಳು. ಕಾರು ಗುಂಡುಕಲ್ಲಿನ ಹಾಗಿದೆ.

ಚಾವಣಿ ಮೇಲೆ ಸೋಲಾರ್ ಹಾಕಿಸಿ ಈ ಕರೆಂಟ್ ಕಾರು ತಂದಾಗ ಇವರು, "ನಮ್ಮ ಪೆಟ್ರೋಲ್ ಬಂಕ್ ಆಕಾಶದಲ್ಲಿದೆ ಕಣೇ" ಅಂತ ಬೀಗಿದ್ದರು. ಬೆಳಿಗ್ಗೆ ನಾನು ಅದರಲ್ಲಿ ಡ್ರೈವಿಂಗ್ ಕಲಿಸೋದು, ಮಧ್ಯಾಹ್ನ ಅದು ಅಂಗಳದಲ್ಲಿ ನಿಂತು ಬಿಸಿಲು ಕುಡಿಯೋದು. ಇವರ ಶ್ವಾಸಕೋಶ ಕೈಕೊಟ್ಟ ಮೇಲೆ ಎಲ್ಲ ತಲೆಕೆಳಗಾಯ್ತು. ಆಕ್ಸಿಜನ್ ಮಷೀನು ಹಗಲೂ ರಾತ್ರಿ ಓಡಬೇಕು. ಲೈನ್‌ಮ್ಯಾನ್ ಆಗಿ ಮೂವತ್ತು ವರ್ಷ ಊರಿಗೆಲ್ಲ ಕರೆಂಟ್ ಕೊಟ್ಟವರ ಬೀದೀಲೇ ಕರೆಂಟ್ ನಿಲ್ಲಲ್ಲ ನೋಡು! ಹೋದಾಗ ಕಾರಿನ ಬ್ಯಾಟರಿಯಿಂದ ಮಷೀನು ಓಡೋ ಹಾಗೆ ಇವರೇ ಹೇಳಿ ವೈರಿಂಗ್ ಮಾಡಿಸಿದರು. ಅಲ್ಲಿಗೆ ನನ್ನ ಕಾಲು ಕಟ್ಟಿದ ಹಾಗಾಯ್ತು. ನಿನ್ನ ಆಪರೇಷನ್ ದಿನದವರೆಗೂ ಏಳು ತಿಂಗಳು ಕಾರು ಗೇಟು ದಾಟಿರಲಿಲ್ಲ, ನಾನು ತರಕಾರಿ ಅಂಗಡಿ ದಾಟಿರಲಿಲ್ಲ. ಕಲಿಯೋಕೆ ಬರ್ತಿದ್ದವರೆಲ್ಲ ಬೇರೆ ಕಡೆ ಹೋದರು. ಮೋಡ ಕಂಡರೆ ಎದೆ ಧಸಕ್ ಅನ್ನುತ್ತೆ. ಬಸ್ಸಲ್ಲಿ ಬರಬಹುದಿತ್ತಲ್ಲ ಅಂತೀಯ. ಬಸ್ಸಾದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕು. ಇವರ ಹತ್ತಿರ ಇರೋರು ಯಾರು?

ಆವತ್ತು ಬಿಸಿಲು ಚುರುಗುಟ್ಟುತ್ತಿತ್ತು. ಬಿಸಿಲಿದ್ದರೆ ಕರೆಂಟ್ ಹೋದರೂ ಸೋಲಾರಿಂದಲೇ ಮಷೀನು ಓಡುತ್ತೆ. ಪಕ್ಕದ ಮನೆ ಟೈಲರಮ್ಮ, "ನಾನು ಕೂತಿರ್ತೀನಿ, ಸಂಜೆಯೊಳಗೆ ಬಂದುಬಿಡಿ" ಅಂದಳು. ಇವರೂ "ಹೋಗಿ ಬಾರೇ, ನನ್ನ ಮುಖ ನೋಡಿ ನೋಡಿ ನಿನಗೂ ಉಬ್ಬಸ ಬಂದೀತು" ಅಂತ ನಗಿಸಿದರು. ಏಳು ತಿಂಗಳ ಮೇಲೆ ಸ್ಟಿಯರಿಂಗ್ ಹಿಡಿದೆ ಅಕ್ಕ. ಹೆದ್ದಾರಿಗೆ ಬಿದ್ದ ಮೇಲೆ ಗಾಜು ಇಳಿಸಿ ಗಂಟಲು ಹರಿಯೋ ಹಾಗೆ ಹಾಡಿದೆ.

ಅರ್ಧ ದಾರೀಲಿ ಮೋಡ ಕವಿಯಿತು. ಟೈಲರಮ್ಮನ ಫೋನು: "ಕರೆಂಟ್ ಹೋಯ್ತು. ಸಣ್ಣ ಆಕ್ಸಿಜನ್ ಸಿಲಿಂಡರ್ ಹಾಕಿದ್ದೀನಿ, ಅದೂ ಜಾಸ್ತಿ ಹೊತ್ತು ಬರಲ್ಲ, ಬೇಗ ಬನ್ನಿ." ಕಾರು ತಿರುಗಿಸಿದೆ. ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಮನೆ ಸೇರಿದಾಗ ಸಿಲಿಂಡರಿನ ಮುಳ್ಳು ಸೊನ್ನೇಲಿತ್ತು, ಇವರ ತುಟಿ ನೀಲಿಯಾಗಿತ್ತು. ಓಡಿಹೋಗಿ ಕಾರಿಗೆ ವೈರು ಸಿಕ್ಕಿಸಿದೆ. ಮಷೀನು ಗುರ್ ಅಂತು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ಟೈಲರಮ್ಮ ಬಾಗಿಲ ಹತ್ತಿರ ಕೂತು ಅಳ್ತಿದ್ದಳು.

ಈಗ ಇವರು ಪರವಾಗಿಲ್ಲ. ನಿನ್ನ ಕಣ್ಣು ಹೇಗಿದೆ ಅಂತ ದಿನಾ ಕೇಳ್ತಾರೆ. ಡ್ರಾಪ್ಸ್ ತಪ್ಪಿಸಬೇಡ, ಬಗ್ಗಿ ಭಾರ ಎತ್ತಬೇಡ. ನಿನ್ನ ಹೊಸ ಕಣ್ಣಿಗೆ ಒಳ್ಳೇದೇ ಕಾಣಲಿ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ನನಗೆ ನಿನ್ನದು ಇರಲಿ.

ಇಂತಿ ನಿನ್ನ
ಪುಟ್ಟಿ

ತಾ.ಕ.: ಒಂದು ಮಾತು ನುಂಗಿಕೊಂಡಿದ್ದೆ. ಟೈಲರಮ್ಮ ಫೋನು ಮಾಡಿದ್ದು ಒಂದು ಸಲ ಅಲ್ಲ, ನಾಲ್ಕು ಸಲ. ಮೊದಲ ಮೂರು ಸಲ ಯಾಕೆ ಮಾಡ್ತಿದ್ದಾಳೆ ಅಂತ ಗೊತ್ತಿದ್ದೂ ಎತ್ತಲಿಲ್ಲ. ಕಾಲು ಗಂಟೆ ಮುಂದಕ್ಕೇ ಓಡಿಸಿದೆ ಅಕ್ಕ. ಇವರಿಗೆ "ಅಲ್ಲಿ ಸಿಗ್ನಲ್ ಇರಲಿಲ್ಲ" ಅಂದೆ. ಇವರು ಮೆಲ್ಲಗೆ, "ಆ ದಾರಿಯ ಮೊಬೈಲ್ ಟವರಿಗೆ ಲೈನ್ ಎಳೆದವನೇ ನಾನು ಕಣೇ" ಅಂದರು. ಬೈಯಲಿಲ್ಲ. "ಆ ಕಡೆ ಮಗ್ಗುಲು ಮಾಡು" ಅಂದರು. ನಾನೇ ಹಿಡಿದು ಗೋಡೆ ಕಡೆ ತಿರುಗಿಸಿದೆ.